ಜಾಕೆಟ್ ಹಾಕ್ಕೊಂಡಿದ್ರೂ ಟಿಪ್ಪರ್ ಸವರಿಕೊಂಡು ಹೋತಲ್ರೀ, ಯಾಕ?

ಪ್ರಶ್ನೆ: "ಸರ್ ನಮಸ್ಕಾರ್ರಿ. ನಾವು ಕೊಪ್ಪಳದ ಬಾಜೂಕ ಭಾಗ್ಯನಗರದಾಗ ಇರ್ತೀವ್ರಿ. ನಮ್ಮ ಮನಿಯವರಿಗೆ 47 ವರ್ಷ, ಗಿಣಿಗೇರಿ ಕಡೆ ಒಂದು ಫ್ಯಾಕ್ಟರಿಯಾಗ ಕೆಲಸ. ಒಂದು ವಾರ ಜನರಲ್ ಶಿಫ್ಟು, ಒಂದು ವಾರ ಸೆಕೆಂಡ್ ಶಿಫ್ಟು. ಹೋಗಾಕ ಹತ್ತು ಹನ್ನೊಂದು ಕಿಲೋಮೀಟರ್, ಬರಾಕ ಅಷ್ಟ, ಎಲ್ಲಾ ಸೈಕಲ್ ಮ್ಯಾಲೆ. ಹೋದ ತಿಂಗಳು ರಾತ್ರಿ ಹತ್ತೂವರಿ ಸುಮಾರಿಗೆ ಬರಾಕತ್ತಾಗ ಹಿಂದಿಂದ ಒಂದು ಟಿಪ್ಪರ್ ಎಷ್ಟು ಹತ್ರ ಬಂತಂದ್ರ ತಾಡಪತ್ರಿ ಹಗ್ಗ ಹ್ಯಾಂಡಲ್‌ಗೆ ಬಡಿದು ಕಡಿ ಮ್ಯಾಲೆ ಬಿದ್ರು, ಮೊಳಕಾಲಿಗೆ ಏಳು ಹೊಲಿಗಿ. ಗಾಡಿಯವ ನಿಲ್ಲಿಸಲೇ ಇಲ್ಲ. ಮೈಮ್ಯಾಲೆ ಫ್ಯಾಕ್ಟರಿಯವರು ಕೊಟ್ಟಿದ್ದ ರೇಡಿಯಂ ಜಾಕೆಟ್ ಇತ್ರಿ, ಎರಡು ವರ್ಷದ್ದು, ವಾರಕ್ಕೆ ಎರಡು ಸಲ ನಾನ ಬ್ರಷ್ ಹಾಕಿ ಒಗೀತೀನಿ. ಬೆನ್ನಿಗೆ ಟಿಫಿನ್ ಬ್ಯಾಗ್ ಇರತೈತಿ. ಕ್ಯಾರಿಯರ್ ಕೆಳಗ ಪಿಳಿಪಿಳಿ ಅನ್ನೂ ಸಣ್ಣ ಲೈಟೂ ಐತಿ. ನಮ್ಮ ಮಾವನವರು 'ಎದುರು ಬಾಜೂಲೆ ಹೋಗು, ಬರೂ ಗಾಡಿ ಕಣ್ಣಿಗೆ ಕಾಣತೈತಿ' ಅಂತಾರ. ನಮ್ಮಣ್ಣ ಸಾಲ ಮಾಡಿಯಾದ್ರೂ ಎಕ್ಸೆಲ್ ಮೊಪೆಡ್ ತೊಗೋರಿ ಅಂತಾನ. ಆ ಡ್ರೈವರ್ ಕುಡಿದಿದ್ನೋ ಏನೋ. ಜಾಕೆಟ್ ಹಾಕಿದ್ರೂ ಕಾಣಂಗಿಲ್ಲ ಅಂದ್ರ ಇನ್ನೇನ್ ಮಾಡಬೇಕ್ರಿ? ನಾನು ಮನ್ಯಾಗ ಹೊಲಿಗಿ ಮಷೀನ್ ಇಟ್ಟೀನಿ, ಹತ್ತೂವರಿ ದಾಟಿದ್ರ ಸೂಜಿಗೆ ದಾರ ಪೋಣಿಸಾಕ ಕೈ ಬರಂಗಿಲ್ಲ."

ಉತ್ತರ:

ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದೂವಾಗ ಮೂರು ಮಾತು ಕಣ್ಣಿಗೆ ಬಿದ್ವು, ಬ್ರಷ್ ಹಾಕಿ ಒಗೀತೀನಿ, ಬೆನ್ನಿಗೆ ಟಿಫಿನ್ ಬ್ಯಾಗ್, ಕ್ಯಾರಿಯರ್ ಕೆಳಗ ಲೈಟು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದಾಗ ಐತಿ.

ನಾನು ಮೋಟಾರು ವಾಹನ ನಿರೀಕ್ಷಕ ಆಗಿದ್ದವ, ಈಗ ರಿಟೈರ್ಡು. ಕೆಎ-34, 36, 37 ಅಂದ್ರ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ನೀರು ಕುಡಿದೀನಿ. ಮಂದಿಗೆ ನಾವಂದ್ರ ಲೈಸೆನ್ಸ್ ಕೊಡಾವ್ರು ಅಷ್ಟ, ಆದ್ರ ಆಕ್ಸಿಡೆಂಟ್ ಆದ ಗಾಡಿ ಪೊಲೀಸ್ ಸ್ಟೇಷನ್ ಮುಂದ ನಿಂತಿರತೈತಲ್ಲ, ಅಲ್ಲಿಗೆ ಹೋಗಿ ಬ್ರೇಕ್ ಹಿಡೀತಿತ್ತೋ ಇಲ್ಲೋ, ಲೈಟ್ ಉರೀತಿತ್ತೋ ಇಲ್ಲೋ ಅಂತ ನೋಡಿ ರಿಪೋರ್ಟ್ ಬರಿಯೂದೂ ನಮ್ಮ ಕೆಲಸಾನ. ಆ ಕೆಲಸದಾಗ ಡ್ರೈವರ್‌ಗಳ ಬಾಯಿಂದ ನಾನು ಕೇಳಿ ಕೇಳಿ ಬ್ಯಾಸತ್ತ ಮಾತು ಒಂದ ಐತಿ, "ಸಾಹೇಬ್ರ, ಸಡನ್ನಾಗಿ ಬಂದಾರಿ". ಮೊದಮೊದಲು ಸಿಟ್ಟು ಬರ್ತಿತ್ತು, ಸೈಕಲ್ ಏನ್ ಮುಗಲಿಂದ ಇಳಿದು ಬರತೈತೇನು ಅಂತ ಬೈದೀನಿ. ಬರಬರತಾ ತಿಳೀತು, ಭಾಳ ಸಲ ಅವ ಸುಳ್ಳು ಹೇಳಾಕತ್ತಿರಂಗಿಲ್ಲ. ಸೈಕಲ್ಲು ತನ್ನ ಪಾಡಿಗೆ ಸೀದಾ ಹೊಂಟಿರತೈತಿ, ಆದ್ರ ಅವನ ಲೈಟಿಗೆ ಅದು ಸಿಕ್ಕಿದ್ದು ಸಡನ್ನಾಗಿ. ಅಂವ ಕುಡಿದಿದ್ನೋ ಇಲ್ಲೋ ನನಗೆ ಗೊತ್ತಿಲ್ಲ, ಕುಡಿದಿದ್ರೂ ಇರಬಹುದು. ಆದ್ರ ಕುಡೀದ, ನಿದ್ದಿಗೆಡದ, ದೇವರಂಥ ಡ್ರೈವರ್ ಇದ್ದಿದ್ರೂ ಆ ರಾತ್ರಿ ನಿಮ್ಮ ಮನಿಯವರು ಅವನಿಗೆ ಭಾಳ ತಡಾ ಆಗಿ ಕಾಣತಿದ್ರು ಅಂತ ನನಗ ಅನಸ್ತೈತಿ. ಡ್ರೈವರ್‌ನ ಬದಲಿ ಮಾಡಾಕ ನಮ್ಮ ಕೈಯಾಗ ಆಗಂಗಿಲ್ಲ, ಎಷ್ಟು ಮೊದಲು ಕಾಣತೀವಿ ಅನ್ನೂದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಾಗ ಐತಿ.

ಲೆಕ್ಕ ನೋಡ್ರಿ, ಕಷ್ಟದ್ದಲ್ಲ. 60ರ ಸ್ಪೀಡಿನಾಗ ಬರೂ ಟಿಪ್ಪರ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರತೈತಿ. ನಿಮ್ಮವರ ಸೈಕಲ್ಲು ಸೆಕೆಂಡಿಗೆ ನಾಲ್ಕು ಮೀಟರ್ ಮುಂದ ಹೋಗಿರತೈತಿ. ಅಂದ್ರ ಇಬ್ಬರ ನಡುವಿನ ಜಾಗ ಸೆಕೆಂಡಿಗೆ 13 ಮೀಟರ್ ಕರಗತೈತಿ. ಡಿಪ್ ಲೈಟಿನಾಗ ಕರಿ ಪ್ಯಾಂಟು ಕರಿ ಸೈಕಲ್ಲು ಗುರುತು ಸಿಗೂದು ಇಪ್ಪತ್ತೈದು ಮೂವತ್ತು ಮೀಟರ್ ದೂರದಾಗ, ಗ್ಲಾಸ್ ಹೊಲಸಿದ್ರ ಅದೂ ಇಲ್ಲ. ಅವನ ಕೈಯಾಗ ಇರೂದು ಎರಡು ಸೆಕೆಂಡು. "ಏನೋ ಐತಿ, ಸೈಕಲ್ಲು" ಅಂತ ತಲಿಗೆ ಹೊಳದು ಕೈ ಕಾಲು ಅಲುಗಾಡೂದಕ್ಕ ಒಂದೂವರಿ, ಎರಡು ಸೆಕೆಂಡು ಬೇಕ. ಲೋಡ್ ಗಾಡಿ ಬ್ರೇಕ್ ತುಳಿದ ಕೂಡಲೇ ನಿಲ್ಲಂಗೂ ಇಲ್ಲ. ಹಂಗಾಗಿ ಅಂವ ನಿಮ್ಮವರನ್ನ ನೋಡೂದಕ್ಕೂ ದಾಟೂದಕ್ಕೂ ಒಂದ ಹೊತ್ತು. ಅದ ಒಂದು ಛಲೋ ಹಿಂದಿನ ಲೈಟು 200 ಮೀಟರ್ ದೂರದಿಂದ ಕಂಡ್ರ ಹದಿನೈದು ಸೆಕೆಂಡು ಸಿಗತೈತಿ. ಹದಿನೈದು ಸೆಕೆಂಡಿನಾಗ ಎಂಥಾ ಅಡ್ನಾಡಿ ಡ್ರೈವರ್ ಆದ್ರೂ ಗುಟ್ಕಾ ಉಗುಳಿ ಸ್ಟೇರಿಂಗ್ ಸ್ವಲ್ಪ ಬಲಕ್ಕ ತಿರುವಬಹುದು.

ಈಗ ಜಾಕೆಟ್ ಮಾತು. ನಾವೆಲ್ಲಾ ರೇಡಿಯಂ ರೇಡಿಯಂ ಅಂತೀವಿ, ಅದರಾಗ ರೇಡಿಯಂ ಒಂದು ಚೂರೂ ಇರಂಗಿಲ್ಲ. ಖರೆ ರೇಡಿಯಂ ಹಿಂದಕ ಗಡಿಯಾರದ ಮುಳ್ಳಿಗೆ ಹಚ್ಚತಿದ್ರು, ಕತ್ತಲದಾಗ ತಾನ ಹೊಳೀತಿತ್ತು. ಹೆಸರು ಉಳಕೊಂತು, ಜೊತಿಗೆ ಜಾಕೆಟ್ಟೂ ತಾನ ಹೊಳೀತೈತಿ ಅನ್ನೂ ತಪ್ಪು ತಿಳವಳಿಕೀನೂ ಉಳಕೊಂತು. ಜಾಕೆಟ್‌ನಾಗ ಎರಡು ಬ್ಯಾರೆ ಬ್ಯಾರೆ ಸಾಮಾನು ಇರತಾವ. ಗಿಳಿ ಹಸಿರೋ ಕಿತ್ತಳೆನೋ ಬಟ್ಟಿ ಐತಲ್ಲ, ಅದು ಹಗಲಿಗೆ. ಬಿಸಿಲಾಗಿನ ಕಣ್ಣಿಗೆ ಕಾಣದ ನೇರಳಾತೀತ ಕಿರಣ ತೊಗೊಂಡು ಕಾಣೂ ಬೆಳಕು ಮಾಡಿ ಬಿಡತೈತಿ, ಅದಕ್ಕ ಮೋಡದ ದಿನ, ಸಂಜಿ ಹೊತ್ತು ಅಷ್ಟು ಎದ್ದು ಕಾಣೂದು. ರಾತ್ರಿ ಹೆಡ್‌ಲೈಟಿನಾಗ ಆ ಕಿರಣ ಇಲ್ಲದಷ್ಟು ಕಡಿಮಿ, ಆವಾಗ ಆ ಬಟ್ಟಿ ಒಂದು ಸಾದಾ ತಿಳಿ ಬಣ್ಣದ ಬಟ್ಟಿ ಅಷ್ಟ. ರಾತ್ರಿ ಕೆಲಸ ಮಾಡೂದು ಬೂದಿ ಬಣ್ಣದ ಪಟ್ಟಿ. ಅದರ ಮ್ಯಾಲೆ ಹಿಟ್ಟಿನಷ್ಟು ಸಣ್ಣ ಗಾಜಿನ ಮಣಿ ಇರತಾವ, ಬಿದ್ದ ಬೆಳಕನ್ನ ಬಂದ ದಾರಿಲೇ ವಾಪಸ್ ಕಳಸ್ತಾವ, ಬೆಕ್ಕಿನ ಕಣ್ಣು ಹೊಳೀತೈತಲ್ಲ ಹಂಗ. ನೀವು ಬ್ರಷ್ ಹಾಕಿ ತಿಕ್ಕಿದಂಗೆಲ್ಲಾ ಆ ಮಣಿ ಉದುರತಾವ. ಎರಡು ವರ್ಷ, ವಾರಕ್ಕೆರಡು ಸಲ, ಅಂದ್ರ ಇನ್ನೂರು ಸಲ ಒಗದೀರಿ! ನಿಮ್ಮ ತಪ್ಪಲ್ಲ ಇದು, ಹೊಲಸು ಅರಬಿ ಒಗೀಬಾರದು ಅಂತ ಯಾರು ಹೇಳ್ತಾರ? ಅದರ ಮ್ಯಾಲೆ ಗಿಣಿಗೇರಿ ಕಡೆಯ ಕರಿ ಧೂಳು ಕೂತಿರತೈತಿ, ಧೂಳು ಕೂತ ಪಟ್ಟಿನೂ ಕುರುಡ. ಹೊಸಾದು ತಂದ್ಮ್ಯಾಲೆ ದಿನಾ ಪಟ್ಟಿ ಅಷ್ಟ ಹಸಿ ಬಟ್ಟಿಲೆ ಒರಸ್ರಿ, ಹದಿನೈದು ದಿನಕ್ಕೊಮ್ಮೆ ಕೈಲೆ ಮೆತ್ತಗ ಒಗೀರಿ, ಬ್ರಷ್ಷು ಬ್ಲೀಚು ಬ್ಯಾಡ, ಪಟ್ಟಿ ಮ್ಯಾಲೆ ಇಸ್ತ್ರಿನೂ ಬ್ಯಾಡ.

ಇನ್ನು ಆ ಟಿಫಿನ್ ಬ್ಯಾಗು. ಹಿಂದಿಂದ ಬರಾವ್ಗೆ ಬೆನ್ನಿನ ಪಟ್ಟಿ ಕಾಣಬೇಕು, ಅದರ ಮ್ಯಾಲೆ ಕರಿ ಬ್ಯಾಗ್ ಕೂತೈತಿ. ಜಾಕೆಟ್ ಇದ್ದೂ ಇಲ್ಲದಂಗ. ಚಳಿಗಾಲದಾಗ ಮಂದಿ ಜಾಕೆಟ್ ಮ್ಯಾಲೆ ಸ್ವೆಟರ್ ಹಾಕ್ಕೋತಾರ, ಮಳಿಗಾಲದಾಗ ರೇನ್‌ಕೋಟ್, ಅದೂ ಇದ ಕತಿ.

ನಿಮ್ಮ ಜಾಕೆಟ್ ಇನ್ನೂ ಜೀವಂತ ಐತೋ ಇಲ್ಲೋ ನೋಡಬೇಕಂದ್ರ ಒಂದು ಪರೀಕ್ಷೆ ಐತಿ. ಭಾನುವಾರ ರಾತ್ರಿ ಕತ್ತಲ ಇರೂ ಓಣ್ಯಾಗ ಅವರನ್ನ ಫ್ಯಾಕ್ಟರಿಗೆ ಹೋಗೂ ವೇಷದಾಗ, ಬ್ಯಾಗ್ ಸಹಿತ, ಸೈಕಲ್ ಮ್ಯಾಲೆ ಬೆನ್ನು ತಿರುವಿ ನಿಲ್ಲಿಸ್ರಿ. ನೀವು ನೂರು ಹೆಜ್ಜಿ ದೂರ ಹೋಗಿ ಮೊಬೈಲ್ ಟಾರ್ಚ್ ಹಚ್ಚಿ ಕಣ್ಣಿನ ಬಾಜೂಕ, ಕಪಾಳಕ್ಕ ತಾಗಿಸಿ ಹಿಡೀರಿ. ಎದಿ ಮುಂದ ಹಿಡಿದ್ರ ಅಷ್ಟು ಹೊಳಪು ಕಾಣಂಗಿಲ್ಲ, ಯಾಕಂದ್ರ ಬೆಳಕು ಬಂದಲ್ಲಿಗೇ ವಾಪಸ್ ಹೋಗತೈತಿ. ಪಟ್ಟಿ ಪಳ್ಳಂತ ಹೊಳೀಬೇಕು. ಏನೋ ಮಸಕು ಮಸಕು ಅನಿಸಿದ್ರ ಆ ಜಾಕೆಟ್ ಹೊಲದಾಗ ಬೆದರಗೊಂಬಿಗೆ ಹಾಕ್ರಿ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡ್ತೀನಿ, ಇದು ಮಂದಿಗೆ ಗೊತ್ತಿರಂಗಿಲ್ಲ. ಎದಿ ಬೆನ್ನಿನ ಪಟ್ಟಿಗಿಂತ ಕಾಲಿನ ಪಟ್ಟಿ ಹೆಚ್ಚು ಕೆಲಸ ಮಾಡತೈತಿ. ಬೆನ್ನಿನ ಪಟ್ಟಿ ಅಲುಗಾಡಂಗಿಲ್ಲ, ದೂರದಿಂದ ನೋಡಾವ್ಗೆ ಅದು ರೋಡ್ ಬಾಜೂಕ ನಟ್ಟ ಕಂಬನೋ, ನಿಂತ ಗಾಡಿನೋ, ಬೋರ್ಡೋ ಗೊತ್ತಾಗಂಗಿಲ್ಲ. ಪಾದದ ಕೀಲಿನ ಮ್ಯಾಲೆ ಮತ್ತ ಮೊಳಕಾಲಿನ ಕೆಳಗ ಪಟ್ಟಿ ಇದ್ರ ಪೆಡಲ್ ತುಳಿದಂಗ ಮ್ಯಾಲೆ ಕೆಳಗ, ಮ್ಯಾಲೆ ಕೆಳಗ ಅಂತ ಕುಣೀತೈತಿ, ನೋಡಿದ ಕೂಡಲೇ "ಮನಷ್ಯಾ, ಸೈಕಲ್ ಹೊಡ್ಯಾಕತ್ತಾನ" ಅಂತ ತಲಿಗೆ ಹೊಳೀತೈತಿ. ಕಾಣೂದು ಬ್ಯಾರೆ, ಗುರುತು ಸಿಗೂದು ಬ್ಯಾರೆ. ಮತ್ತ ಡಿಪ್ ಲೈಟು ಬೀಳೂದು ಕೆಳಗ, ಕಾಲಿಗೇ ಮೊದಲು ಬೆಳಕು ಹತ್ತತೈತಿ. ಪೆಡಲ್‌ಗೆ ಇರೂ ಹಳದಿ ರಿಫ್ಲೆಕ್ಟರ್ ಇದ ಕಾರಣಕ್ಕ ಇರೂದು. ಹೊಸ ಸೈಕಲ್ಲಿಗೆ ರಿಫ್ಲೆಕ್ಟರ್ ಕಡ್ಡಾಯ ಅಂತ ಕೇಂದ್ರ ಸರ್ಕಾರ 2020ರಾಗ ಆದೇಶ ಮಾಡೈತಿ, ಆದ್ರ ನಮ್ಮ ಕಡೆ ಓಡಾಡೂ ಸೈಕಲ್ ಎಲ್ಲಾ ಅದಕ್ಕಿಂತ ಹಳೇವು, ಪೆಡಲ್ ಒಂದು ಸಲ ಬದಲಿ ಮಾಡಿಸಿದ್ರ ರಿಫ್ಲೆಕ್ಟರ್ ಹೋತು ಅಂತನ ಲೆಕ್ಕ. ನಮ್ಮ ಸಣ್ಣತನದಾಗ ಹಿಂದಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ ಹಚ್ಚಿ ನಡುವ ಒಂದು ಕೆಂಪು ಗಾಜು ಕೂಡಿಸ್ತಿದ್ರು, ರಾತ್ರಿ ದೀಪ ಇಲ್ಲದ ಸೈಕಲ್ ಕಂಡ್ರ ಪೊಲೀಸಪ್ಪ ಹವಾ ಬಿಡತಿದ್ದ. ಈಗ ಯಾರೂ ಕೇಳಂಗಿಲ್ಲ. ಕೇಳಬೇಕಿತ್ತು ಅಂತ ನನಗ ಅನಸ್ತೈತಿ, ಹವಾ ಬಿಡೂದು ಬಿಟ್ಟು.

ಲೈಟಿಗೆ ಬರೂಣು. ಪಟ್ಟಿಗೆ ಬೇರೆಯವರ ಲೈಟು ಬೇಕು, ಅದು ನೆಟ್ಟಗ ಬೀಳಬೇಕು. ಒಂದು ಕಣ್ಣಿನ ಟ್ರ್ಯಾಕ್ಟರು, ಹೆಡ್‌ಲೈಟ್ ಮುಗಲಿಗೆ ತಿರುಗಿದ ಟಿಪ್ಪರು, ಇಂಥಾವು ನಾನು ಎಷ್ಟು ಎಫ್‌ಸಿಗೆ, ಅಂದ್ರ ಫಿಟ್‌ನೆಸ್ ತಪಾಸಣಿಗೆ, ಬಂದಾಗ ವಾಪಸ್ ಕಳಿಸೀನಿ, ಮತ್ತ ರೋಡಿಗೆ ಹೋದ್ರ ಅದ ಹಾಡು. ಅದಕ್ಕ ನಮ್ಮದ ಒಂದು ದೀಪ ಇರಬೇಕು. ನಿಮ್ಮ ಲೈಟು ಕ್ಯಾರಿಯರ್ ಕೆಳಗ ಐತಿ ಅಂದ್ರಿ, ಕ್ಯಾರಿಯರ್ ಮ್ಯಾಲೆ ಏನಾರ ಚೀಲ ಇಟ್ಟು ಅದರ ತುದಿ ಜೋತು ಬಿದ್ರ ಮುಗೀತು. ಸೈಕಲ್ಲಿನ ಹಿಂದ ನಿಂತು ನೋಡ್ರಿ, ಲೈಟು ನೆಲ ನೋಡಾಕತ್ತಿದ್ರ ಅದನ್ನ ಮ್ಯಾಲೆತ್ತಿ ನೆಲಕ್ಕ ಸಮಾ ಹಿಂದಕ್ಕ ನೋಡೂ ಹಂಗ ಕೂಡಸ್ರಿ. ಸೆಲ್ಲು ಇಳದಿರತೈತಿ, ಹತ್ತಿರದಿಂದ ನೋಡಿದ್ರ ಉರಿದಂಗ ಕಾಣತೈತಿ, ಐವತ್ತು ಹೆಜ್ಜಿಗೆ ಹೋದ್ರ ಏನೂ ಇಲ್ಲ. ಮೊಬೈಲ್ ಚಾರ್ಜರ್‌ಲೇ ಚಾರ್ಜ್ ಆಗೂ ಕೆಂಪು ಲೈಟು ಎರಡು ತೊಗೋರಿ. ಒಂದು ಬಿಟ್ಟೂ ಬಿಡದ ಉರಿಯಾದು, ಇನ್ನೊಂದು ಪಿಳಿಪಿಳಿ ಅನ್ನೂದು. ಪಿಳಿಪಿಳಿ ಕಣ್ಣು ಸೆಳೀತೈತಿ ಖರೆ, ಆದ್ರ ಬರೇ ಪಿಳಿಪಿಳಿ ಇದ್ರ ಎಷ್ಟು ದೂರ ಐತಿ, ಯಾವ ಕಡೆ ಹೊಂಟೈತಿ ಅನ್ನೂ ಅಂದಾಜು ಸಿಗಂಗಿಲ್ಲ. ಒಂದು ಕೆಟ್ರ ಇನ್ನೊಂದು ಇರತೈತಿ ಅನ್ನೂದೂ ಐತಿ, ಹಿಂದಿನ ಲೈಟು ನಿಂತಿದ್ದು ತುಳಿಯಾವ್ರಿಗೆ ಗೊತ್ತಾಗಂಗಿಲ್ಲ ನೋಡ್ರಿ. ಡೈನಮೋ ಛಲೋ, ಖರ್ಚಿಲ್ಲ, ಆದ್ರ ಸಾದಾ ಡೈನಮೋ ಸೈಕಲ್ ನಿಂತ ಕೂಡಲೇ ಆರತೈತಿ, ಕ್ರಾಸಿನಾಗ ನಿಂತಾಗ ಕತ್ತಲ. ಮುಂದಿನ ಬಿಳಿ ಲೈಟು ರೋಡಿನ ಕಡೆ ಬಗ್ಗಿಸಿ ಹಾಕ್ರಿ, ಎದುರಿನವನ ಕಣ್ಣಿಗೆ ಹೊಡೆದ್ರ ಅಂವ ಕುರುಡಾಗಿ ನಮ್ಮ ಮ್ಯಾಲೇ ಬರತಾನ.

ಕುರುಡು ಅಂದಾಗ ನೆನಪಾತು, ಆ ರಾತ್ರಿ ಎದುರಿಗೆ ಏನಾರ ಗಾಡಿ ಬರಾಕತ್ತಿತ್ತೇನು ಅಂತ ಅವರನ್ನ ಕೇಳ್ರಿ. ಡಿವೈಡರ್ ಇಲ್ಲದ ಕಡೆ ಇದ್ರ ಬಹುಶಃ ಇತ್ತು ಅಂತಾರ. ಎದುರಿನವ ಹೈಬೀಮ್ ಡಿಪ್ ಮಾಡದ ಬಂದ್ರ ನಮಗ ಕಣ್ಣು ಕುಕ್ಕತೈತಿ, ನಾವು ಅವನ್ನ ಬೈತೀವಿ, ಆದ್ರ ಆ ಹೊತ್ತಿನಾಗ ನಮ್ಮ ಹಿಂದ ಬರಾವ್ನೂ ಕುರುಡಾಗಿರತಾನ ಅನ್ನೂದು ನೆನಪಿರಂಗಿಲ್ಲ. ಬೆಳಕು ದಾಟಿ ಹೋದ ಮ್ಯಾಲೂ ಅವನ ಕಣ್ಣು ಸಮಾ ಆಗಾಕ ಕೆಲವು ಸೆಕೆಂಡು ಬೇಕು, ವಯಸ್ಸಾದವ ಇದ್ರ ಇನ್ನೂ ಹೆಚ್ಚು. ಅಷ್ಟರಾಗ ಅಂವ ಐವತ್ತು ಅರವತ್ತು ಮೀಟರ್ ಕಣ್ಣು ಮುಚ್ಚಿ ಬಂದಂಗ. ಮತ್ತ ಎದುರು ಲಾರಿ ಇರೂದರಿಂದ ಬಲಕ್ಕ ಸರಿಯಾಕ ಜಾಗಾನೂ ಇರಂಗಿಲ್ಲ, ನಮ್ಮ ಕಡೆಗೇ ಒತ್ತತಾನ. ಹಂಗಾಗಿ ನಾನು ಸಿಕ್ಕವರಿಗೆಲ್ಲಾ ಒಂದು ಮಾತು ಹೇಳ್ತೀನಿ, ಮುಂದಿಂದ ಒಂದು ದೊಡ್ಡ ಗಾಡಿ, ಹಿಂದಿಂದ ಒಂದು ದೊಡ್ಡ ಗಾಡಿ, ನಾವು, ಈ ಮೂರೂ ಒಂದ ಜಾಗಕ್ಕ ಒಂದ ಹೊತ್ತಿಗೆ ಬರಬಾರದು. ಮುಂದ ಹೈಬೀಮ್ ಕಾಣಸ್ತು, ಹಿಂದ ಲೋಡ್ ಗಾಡಿ ಸಪ್ಪಳ ಕೇಳಸ್ತು ಅಂದ್ರ ಕೆಳಗ ಇಳದು ನಿಂತುಬಿಡೂದು. ಸೆಕೆಂಡ್ ಶಿಫ್ಟ್ ಮುಗಿಸಿ ಬರೂ ದಾರ್ಯಾಗ ಹತ್ತು ಸಲ ಇಳದ್ರೂ ಹೆಚ್ಚಂದ್ರ ಐದು ನಿಮಿಷ ತಡಾ ಆಗತೈತಿ. ಇದಕ್ಕ ಕಿವಿ ಖಾಲಿ ಇರಬೇಕು, ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳೂ ಚಟ ಇದ್ರ ನೀವ ಬಿಡಿಸ್ಬೇಕು.

ಜನರಲ್ ಶಿಫ್ಟಿಗೆ ಹಗಲ ಹೋಗಿ ಹಗಲ ಬರತಾರಲ್ಲ, ಅದರ ಚಿಂತಿ ಇಲ್ಲ ಅಂದ್ಕೊಂಡೀರೇನು? ಕೊಪ್ಪಳದಿಂದ ಗಿಣಿಗೇರಿ ಮೂಡಣ ದಿಕ್ಕಿಗೆ ಐತಿ. ಮುಂಜಾನೆ ಏಳೂವರಿಗೆ ಹೊಂಟ್ರ ಎದುರಿಗೇ ಸೂರ್ಯ, ಸಂಜಿಗೆ ಐದೂವರಿ ಆರಕ್ಕ ವಾಪಸ್ ಬರೂವಾಗ ಪಡುವಣಕ್ಕ ಮಾರಿ, ಆವಾಗೂ ಎದುರಿಗೇ ಸೂರ್ಯ. ಹಿಂದ ಬರೂ ಡ್ರೈವರ್‌ಗೆ ಎರಡೂ ಹೊತ್ತು ಬಿಸಿಲು ಕಣ್ಣಿಗೆ ಹೊಡೀತಿರತೈತಿ, ಧೂಳು ಹತ್ತಿದ, ವೈಪರ್ ಗೀಚಿದ ಗ್ಲಾಸ್ ಇದ್ರ ಮುಂದಿಂದೆಲ್ಲಾ ಬರೇ ಬೆಳ್ಳಗ. ಇದನ್ನ ತಿಳಕೊಳ್ಳಾಕ ಗಡಿಯಾರ ದಿಕ್ಸೂಚಿ ಏನೂ ಬ್ಯಾಡ, ನೆರಳು ನೋಡಿದ್ರ ಸಾಕು. ನಮ್ಮ ನೆರಳು ಉದ್ದಕ ಯಾವ ಕಡೆ ಬಿದ್ದಿರತೈತೋ ಆ ಕಡೆಯಿಂದ ಬರಾವ್ಗೆ ನಾವು ಕಾಣಂಗಿಲ್ಲ. ನೆರಳು ಹಿಂದ ಬಿದ್ರ ಹಿಂದಿನವ ಕುರುಡ, ಮುಂದ ಬಿದ್ರ ಎದುರಿನವ. ಚಳಿಗಾಲದಾಗ ಏಳೂವರಿಗೆ ಸೂರ್ಯ ಭಾಳ ಕೆಳಗ ಇರತಾನ, ಅರ್ಧ ತಾಸು ಹಿಂದ ಮುಂದ ಮಾಡ್ಕೊಳ್ಳಾಕ ಬಂದ್ರ ಮಾಡ್ಕೋರಿ, ಇಲ್ಲಂದ್ರ ಹಿಂದಿನ ಲೈಟು ಹಗಲೂ ಹಚ್ರಿ. ಮಂದಿ ನಗತಾರ. ನಗಲಿ ಬಿಡ್ರಿ, ಹೊಸ ಬೈಕಿನ ಹೆಡ್‌ಲೈಟು ಹಗಲೂ ಉರೀತಾವಲ್ಲ.

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ, ಆ ಮಾತು ನಡಕೊಂಡು ಹೋಗಾವ್ರಿಗೆ ಸರಿ ಅಂತ ಹೇಳ್ರಿ. ನಡಿಯಾವ ಬಲಗಡೆ ನಡದ್ರ ಬರೂ ಗಾಡಿ ಕಾಣತೈತಿ, ಒಂದು ಹೆಜ್ಜಿ ಬಾಜೂಕ ಇಟ್ರ ಆತು. ಸೈಕಲ್ಲು ಬಾಜೂಕ ಹೆಜ್ಜಿ ಇಡಂಗಿಲ್ಲ. ಮ್ಯಾಲೆ ನಾನು ಹೇಳಿದ ಲೆಕ್ಕ ತಿರುವಿ ಹಾಕ್ರಿ, ಒಂದ ದಿಕ್ಕಿಗೆ ಹೊಂಟಾಗ ಜಾಗ ಸೆಕೆಂಡಿಗೆ 13 ಮೀಟರ್ ಕರಗತಿತ್ತು, ಎದುರಾಬದುರಾ ಬಂದ್ರ 21 ಮೀಟರ್. ಬಡದ್ರ ಬಡತಾನೂ ಅಷ್ಟ ಜೋರು. ಇನ್ನೊಂದು ದೊಡ್ಡ ಕುತ್ತು ಕ್ರಾಸಿನಾಗ. ಹಳ್ಳಿ ರೋಡಿನಿಂದ ಹೈವೇಕ್ಕ ಎಡಕ್ಕ ತಿರುಗಾವ ಬಲಗಡೆ ಅಷ್ಟ ನೋಡತಾನ, ಗಾಡಿ ಬರೂದು ಅಲ್ಲಿಂದ ಅಂತ ಅವನಿಗೆ ಗೊತ್ತು. ಎಡಗಡೆಯಿಂದ ರಾಂಗ್ ಸೈಡಿನಾಗ ಬರೂ ಸೈಕಲ್ ಅವನ ಲೆಕ್ಕದಾಗ ಇಲ್ಲೇ ಇಲ್ಲ. ನಮ್ಮ ಮಂದಿ ಡಿವೈಡರ್ ಓಪನಿಂಗ್ ದೂರ ಐತಿ ಅಂತ ಅರ್ಧ ಕಿಲೋಮೀಟರ್ ರಾಂಗ್ ಸೈಡ್ ಹೊಡೀತಾರಲ್ಲ, ಅದಕ್ಕಿಂತ ಇಳದು ಬಾಜೂಕ ಸೈಕಲ್ ನೂಕ್ಕೊಂಡು ನಡಿಯೂದು ಎಷ್ಟೋ ಪಾಲು ಮೇಲು.

ಹಂಗಾದ್ರ ಎಲ್ಲಿ ಹೊಡೀಬೇಕು? ಬಿಳಿ ಗೆರಿ ಆಚಿಕ್ಕ ಅಗಲಾಗಿ ಡಾಂಬರು ಇದ್ರ ಅಲ್ಲೇ ಹೊಡೀರಿ, ಹೈವೇದಾಗ ಅದಕ್ಕಿಂತ ಛಲೋ ಜಾಗಿಲ್ಲ. ಆದ್ರ ಅದು ಬರೇ ಸೈಕಲ್ಲಿಗೆ ಅಂತ ಯಾರೂ ಬಿಟ್ಟಿರಂಗಿಲ್ಲ. ಸುಗ್ಗಿ ಬಂದ್ರ ಅಲ್ಲಿ ಭತ್ತ ಮೆಕ್ಕೆಜೋಳ ಒಣಗಾಕ ಹಾಕಿರತಾರ, ಸುತ್ತ ಕಲ್ಲು ಇಟ್ಟಿರತಾರ, ರಾತ್ರಿ ಆ ಕಲ್ಲು ಕಾಣಂಗಿಲ್ಲ. ಲೈಟ್ ಆರಿಸಿ ನಿಲ್ಲಿಸಿದ ಲಾರಿ ಇರತಾವ, ಹುಣ್ಣಿವಿಗೆ ಹುಲಿಗೆಮ್ಮನ ಗುಡಿಗೆ ನಡಕೊಂಡು ಹೋಗೂ ಮಂದಿ ಇರತಾರ. ಆವಾಗ ಒಳಗ ಬರಲೇ ಬೇಕು. ಒಳಗ ಬರೂವಾಗ ಅಡಚಣಿ ಹತ್ರ ಹೋಗಿ ಸಟ್ಟನೆ ಬಲಕ್ಕ ಹೊಳ್ಳೂದಲ್ಲ, ಮೂವತ್ತು ನಲವತ್ತು ಮೀಟರ್ ಮೊದಲ ಹಿಂದ ತಿರುಗಿ ನೋಡಿ, ಕೈ ಮಾಡಿ, ನಿಧಾನಕ ಸರೀಬೇಕು. ಹಿಂದ ಗಾಡಿ ಐತಿ ಅಂದ್ರ ನಿಂದರೂದು.

ಬಾಜೂಕ ಡಾಂಬರಿಲ್ಲದ ಸಣ್ಣ ರೋಡು ಇದ್ರ ಮಂದಿ ಅಂಚಿಗೆ ಅಂಟಿಕೊಂಡು ಹೋಗತಾರ, ಅದ ಸೇಫ್ ಅಂತ. ನನಗ ಅದು ಸರಿ ಅನಸಂಗಿಲ್ಲ. ಅಂಚಿನಾಗ ಡಾಂಬರು ಹರದಿರತೈತಿ, ಕೆಳಗ ನಾಲ್ಕು ಬೆರಳು ಇಳಿಜಾರು, ಗಾಲಿ ಜಾರಿದ್ರ ಬೀಳೂದು ಬಲಕ್ಕ, ಲಾರಿ ಗಾಲಿ ಕಡೆಗೆ. ಅಂಚಿನಿಂದ ಎರಡು ಮೂರು ಅಡಿ ಒಳಗ ಹೊಡೆದ್ರ ಹಿಂದಿನವನಿಗೆ "ಸವರಿಕೊಂಡು ಹೋಗಬಹುದು" ಅನ್ನೂ ಆಸಿ ಹುಟ್ಟಂಗಿಲ್ಲ, ಬಲಕ್ಕ ಹೊಳ್ಳಿಸ್ಕೊಂಡು ದಾಟತಾನ, ಮತ್ತ ಅಪ್ಪಿತಪ್ಪಿ ಹತ್ರ ಬಂದ್ರ ನಮಗ ಎಡಕ್ಕ ಸರಿಯಾಕ ಎರಡು ಅಡಿ ಉಳದಿರತೈತಿ. ಇದರಾಗ ತೊಂದ್ರಿ ಇಲ್ಲ ಅಂತಲ್ಲ, ಹಾರ್ನ್ ಹೊಡೀತಾರ, ಬೈತಾರ. ಮತ್ತ ಈ ಉಪಾಯ ನಡಿಯೂದು ನೀವು ಕಾಣಸ್ತಿದ್ರ ಅಷ್ಟ. ರಾತ್ರಿ ಲೈಟಿಲ್ಲದ ಸೈಕಲ್ಲು ಎರಡು ಅಡಿ ಒಳಗ ಬಂತಂದ್ರ ಅದು ಸಾವಿನ ಹತ್ರ ಎರಡು ಅಡಿ ಹೋದಂಗ.

ಫ್ಯಾಕ್ಟರಿ ಗೇಟಿನ ಹತ್ರ, ಸರ್ಕಲಿನಾಗ ಲಾರಿ ನಿಂತಿದ್ರ ಅದರ ಎಡಗಡೆ ಸಂದಿಯಾಗ ತೂರಬ್ಯಾಡ್ರಿ ಅಂತ ಹೇಳ್ರಿ. ಇದನ್ನ ನಾನು ಹೊಟ್ಟಿ ಉರಿದು ಹೇಳಾಕತ್ತೀನಿ, ಗಾಡಿ ತಪಾಸಣಿಗೆ ಹೋದಾಗ ಎಡಗಡೆ ಹಿಂದಿನ ಗಾಲಿ ನೋಡಿ ಎರಡು ದಿನ ಊಟ ಸೇರದ ದಿನ ಅದಾವ. ಡ್ರೈವರ್ ಕೂಡೂದು ಬಲಕ್ಕ, ಎತ್ತರದಾಗ, ಎಡಗಡೆ ಬಾಗಿಲ ಕೆಳಗ ಏನೈತಿ ಅವನಿಗೆ ಕಾಣೂದ ಇಲ್ಲ. ಎಡಕ್ಕ ತಿರುಗುವಾಗ ಮುಂದಿನ ಗಾಲಿ ಅಗಲಾಗಿ ಹೋದ್ರೂ ಹಿಂದಿನ ಗಾಲಿ ಒಳಗ ಒಳಗ ಸರೀತಾವ, ಸಂದಿಯಾಗ ಇದ್ದವ ಅಡಿಗೆ ಹೋಗತಾನ. ಲಾರಿ ಕನ್ನಡಿಯಾಗ ನಿಮಗ ಡ್ರೈವರ್ ಮಾರಿ ಕಾಣಲಿಲ್ಲ ಅಂದ್ರ ಅವನಿಗೂ ನೀವು ಕಾಣಂಗಿಲ್ಲ. ಹಿಂದ ನಿಂದರ್ರಿ, ಹೊಗಿ ಕುಡದ್ರೂ ಅಡ್ಡಿಯಿಲ್ಲ.

ನಿಮ್ಮಣ್ಣನ ಮಾತೂ ತಗದು ಹಾಕೂ ಹಂಗಿಲ್ಲ. ಎಕ್ಸೆಲ್ ತೊಗೊಂಡ್ರ ಸ್ಪೀಡಿನ ಅಂತರ ಕಡಿಮಿ ಆಗತೈತಿ, ರೋಡ್ ಮ್ಯಾಲೆ ಇರೂ ಹೊತ್ತು ಅರ್ಧಕ್ಕಿಂತ ಕಡಿಮಿ, ದೊಡ್ಡ ಲೈಟು ಇರತೈತಿ. ಆದ್ರ ಬಿದ್ರ 15ರಾಗ ಬೀಳೂದು ಬ್ಯಾರೆ, 45ರಾಗ ಬೀಳೂದು ಬ್ಯಾರೆ. 2022ರಾಗ ನಮ್ಮ ದೇಶದ ರಸ್ತಿ ಮ್ಯಾಲೆ ಸತ್ತವರು 1,68,491 ಮಂದಿ, ಅದರಾಗ ನೂರಕ್ಕ 44ರಷ್ಟು ಮಂದಿ ಬೈಕು ಸ್ಕೂಟರಿನವರು. ಅವರ ಸಂಖ್ಯೆನೂ ಜಾಸ್ತಿ ಐತಿ ಅನ್ರಿ, ಆದ್ರೂ ಸೈಕಲ್ ಬಿಟ್ಟು ಎಕ್ಸೆಲ್ ಹತ್ತಿದ ಕೂಡಲೇ ಕುತ್ತು ಕಳೀತು ಅನ್ನೂ ಹಂಗಿಲ್ಲ. ಲೈಸೆನ್ಸು, ಇನ್ಶೂರೆನ್ಸು, ಐಎಸ್‌ಐ ಹೆಲ್ಮೆಟ್ಟು ಮೂರೂ ಮಾಡಿಸೂ ಶಕ್ತಿ ಇದ್ರ ತೊಗೋರಿ. ಇಲ್ಲ, ಗಾಡಿಗೆ ಅಷ್ಟ ಸಾಲ ಆಗತೈತಿ, ಉಳದದ್ದು ಆಮ್ಯಾಲೆ ನೋಡೂಣು ಅಂದ್ರ ಬ್ಯಾಡ.

ನಾನಾಗಿದ್ರ ಏನ್ ಮಾಡತಿದ್ದೆ ಅಂದ್ರ, ಜನರಲ್ ಶಿಫ್ಟಿನ ವಾರ ಸೈಕಲ್ಲು, ಸೆಕೆಂಡ್ ಶಿಫ್ಟಿನ ವಾರ ಹೋಗಾಕೂ ಬರಾಕೂ ಯಾರದಾರ ಜೊತಿಗೆ ಶೇರ್ ಆಟೋ, ಸೈಕಲ್ ಮನ್ಯಾಗ. ತಿಂಗಳದಾಗ ಎರಡು ವಾರದ ಆಟೋ ಖರ್ಚು ಎಕ್ಸೆಲ್ ಕಂತಿಗಿಂತ ಕಡಿಮಿ ಬೀಳಬಹುದು, ಲೆಕ್ಕ ಹಾಕಿ ನೋಡ್ರಿ. ಹತ್ತು ಮಂದಿ ಕೂಡಿ ರಾತ್ರಿ ಶಿಫ್ಟಿಗೆ ಬಸ್ ಬಿಡ್ರಿ ಅಂತ ಫ್ಯಾಕ್ಟರಿಯವರನ್ನ ಕೇಳೂದೂ ಐತಿ, ಒಬ್ಬರ ಹೋಗಿ ಕೇಳಿದ್ರ ಕಿವಿಗೆ ಹಾಕ್ಕೊಳ್ಳಂಗಿಲ್ಲ. ಹಳ್ಳಿ ಒಳದಾರಿ ಇದ್ರ ಲಾರಿ ಕಾಟ ಇಲ್ಲ, ಆದ್ರ ನಾಯಿ, ತಗ್ಗು, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರು, ಬಿದ್ರ ಎತ್ತಾವ್ರಿಲ್ಲ, ರಾತ್ರಿ ಒಬ್ಬರ ಹೋಗೂದಕ್ಕ ನಾನು ಹೂಂ ಅನ್ನಂಗಿಲ್ಲ. ಸೈಕಲ್ ಹೆಲ್ಮೆಟ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಲಾರಿ ಗಾಲಿಗೆ ಅದು ತಡಿಯಂಗಿಲ್ಲ, ಮೊನ್ನಿಯಂಗ ಕಡಿ ಮ್ಯಾಲೆ ಬಿದ್ರ ತಲಿ ಉಳಸತೈತಿ. ಮೊನ್ನೆ ಮೊಳಕಾಲಿಗೆ ಹೋತು.

ಕಡೀಕ ಕಾಯ್ದೆ ಮಾತು, ಯಾಕಂದ್ರ ನೀವು ಕಂಪ್ಲೇಂಟ್ ಕೊಟ್ಟೀವಿ ಅಂತ ಎಲ್ಲೂ ಬರದಿಲ್ಲ. ಸೈಕಲ್ಲಿಗೆ ಇನ್ಶೂರೆನ್ಸ್ ಇಲ್ಲ, ಲೈಸೆನ್ಸ್ ಇಲ್ಲ, ನಮ್ಮ ಮಾತು ಯಾರು ಕೇಳ್ತಾರ ಅಂತ ಮಂದಿ ಸುಮ್ಮಕಿರತಾರ. ಬಡದ ಗಾಡಿಯ ಇನ್ಶೂರೆನ್ಸ್ ಮ್ಯಾಲೆ ಸೈಕಲ್ಲಿನವನಿಗೂ ಪರಿಹಾರ ಕೇಳೂ ಹಕ್ಕೈತಿ. ಗಾಡಿ ಯಾವುದಂತ ಗೊತ್ತಾಗಲೇ ಇಲ್ಲ ಅಂದ್ರೂ, 2022ರ ಏಪ್ರಿಲ್ 1ರಿಂದ ಹಿಟ್ ಅಂಡ್ ರನ್ ಪರಿಹಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕ 50 ಸಾವಿರ ರೂಪಾಯಿ ಮಾಡ್ಯಾರ, ಅರ್ಜಿ ಹೋಗೂದು ಉಪವಿಭಾಗಾಧಿಕಾರಿ ಇಲ್ಲಾ ತಹಶೀಲ್ದಾರ್ ಹತ್ರ. ಬರೇ ಹೊಲಿಗಿ ಬಿದ್ದದ್ದು ಕಾಯ್ದೆ ಪ್ರಕಾರ ತೀವ್ರ ಗಾಯ ಆಗಲಿಕ್ಕಿಲ್ಲ, ಎಲುಬಿಗೆ ಪೆಟ್ಟು ಬಿದ್ದೈತೇನು ಡಾಕ್ಟರ್ ಹತ್ರ ನೋಡಿಸ್ರಿ. ಅವರಿಗೆ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದ್ರ ಇನ್ನೊಂದು ದಾರಿ ಐತಿ, ಕೆಲಸಕ್ಕ ಹೋಗೂವಾಗ ಬರೂವಾಗ ಆದ ಅಪಘಾತಾನೂ ಕೆಲಸದಾಗ ಆದ ಗಾಯ ಅಂತ ಹಿಡಿಯಾಕ ಕಾಯ್ದೆಯಾಗ ಅವಕಾಶ ಐತಿ, ಫ್ಯಾಕ್ಟರಿ ಆಫೀಸಿನಾಗ ಕೇಳ್ರಿ, ರಜಾ ಹಾಕಿದ ದಿನದ ದುಡ್ಡು ಸಿಕ್ರೂ ಸಿಗಬಹುದು. ಮುಂದ ಹಿಂಗ ಆಗಬಾರದು, ಆದ್ರ ಮೊದಲು 112, ಗಾಡಿ ನಂಬರಿನ ಕಡೀ ನಾಲ್ಕು ಅಂಕಿ ಸಿಕ್ರೂ ಸಾಕು, ಎಷ್ಟು ಹೊತ್ತಿಗೆ ಯಾವ ಕಡೆ ಹೋತು ಅಂತ ಬರದಿಟ್ಕೋರಿ. ಫ್ಯಾಕ್ಟರಿ ಗೇಟಿನಾಗ ಟಿಪ್ಪರ್ ಒಳಗ ಹೊರಗ ಹೋಗಿದ್ದು ರಿಜಿಸ್ಟರಿನಾಗ ಬರದಿರತಾರ, ಹಂಗ ಹಿಡದ ಗಾಡಿ ಎಷ್ಟೋ ಅದಾವ.

ನಿಮ್ಮ ಮಷೀನ್ ಮಾತು ಬಿಟ್ಟಿದ್ದೆ. ಹೊಲಿಯಾಕ ಬರೂ ಎರಡು ಇಂಚಿನ ರಿಫ್ಲೆಕ್ಟಿವ್ ಪಟ್ಟಿ ಮೀಟರ್ ಲೆಕ್ಕದಾಗ ಸಿಗತೈತಿ, ಆಟೋ ಸ್ಪೇರ್ಸ್ ಅಂಗಡಿಯಾಗಿನ ಅಂಟಸೂ ಟೇಪ್ ಅಲ್ಲ, ಅದು ಲಾರಿಗೆ, ಸೈಕಲ್ಲಿನ ಮಡ್‌ಗಾರ್ಡಿಗೆ, ಚೈನ್ ಕವರ್ರಿಗೆ. ಅರಬಿಗೆ ಬಟ್ಟಿ ಮ್ಯಾಲಿನ ಪಟ್ಟಿನ ಬೇಕು. ಮೊದಲು ಟಿಫಿನ್ ಬ್ಯಾಗಿನ ಹಿಂದ ಎರಡು ಅಡ್ಡ ಪಟ್ಟಿ ಹೊಲೀರಿ. ಆಮ್ಯಾಲೆ ಎರಡು ಪ್ಯಾಂಟಿನ ಕಾಲಿಗೆ, ಪಾದದ ಕೀಲಿನಿಂದ ನಾಲ್ಕು ಬೆರಳು ಮ್ಯಾಲೆ, ಸುತ್ತಲೂ ಬರೂ ಹಂಗ. ಪ್ಯಾಂಟಿಗೆ ಹೊಲಿಸ್ಕೊಳ್ಳಾಕ ಅವರು ನಾಚಿದ್ರ ವೆಲ್ಕ್ರೋ ಹಚ್ಚಿ ಕಾಲಿಗೆ ಕಟ್ಟೂ ಪಟ್ಟಿ ಮಾಡಿಕೊಡ್ರಿ, ಚೈನಿಗೆ ಪ್ಯಾಂಟು ಸಿಗೂದೂ ತಪ್ಪತೈತಿ. ಹೊಲಿಗಿ ಪಟ್ಟಿಯ ಎರಡೂ ಅಂಚಿನಾಗ ಅಷ್ಟ ಬರಲಿ, ನಡುವ ಸೂಜಿ ಓಡಿಸಬ್ಯಾಡ್ರಿ, ಟಾಕಿ ಸ್ವಲ್ಪ ದೊಡ್ಡದಿಡ್ರಿ, ಸಣ್ಣ ಟಾಕಿ ಹಾಕಿದ್ರ ತೂತಿನ ಗುಂಟ ಪಟ್ಟಿ ಹರಕೋತೈತಿ.